ಮಾಂಜರಪಾಟದ ರೆಕ್ಕೆ

"ಫೌಜಿನ್ಯಾಗ ಏನ ಮಾಡ್ತಿದ್ರಿ?" ಎಂದು ಯಾರಾದರೂ ಕೇಳಿದರೆ ನಮ್ಮಪ್ಪ, "ವಿಮಾನಕ್ಕ ಅಂಗಿ ಹೊಲೀತಿದ್ದೆ" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಬಂದೂಕಿನ ಕಥೆ ಕೇಳಲು ಕೂತವರಿಗೆ ಸೂಜಿಯ ಮಾತು ಸಿಕ್ಕರೆ ಮತ್ತೇನು ಮಾಡಿಯಾರು? ಅಪ್ಪನೂ ಅವರ ಜೊತೆಗೆ ನಕ್ಕು, ಎಲೆಗೆ ಸುಣ್ಣ ಸವರುತ್ತ, ಮಳೆಯ ಮಾತಿಗೋ ಮೆಣಸಿನಕಾಯಿಯ ಮಾತಿಗೋ ಹೊರಳಿಬಿಡುತ್ತಿದ್ದ. ಆದರೆ ಅವನು ಹೇಳುತ್ತಿದ್ದದ್ದು ಅಕ್ಷರಶಃ ನಿಜ. ಅವನ ಕಾಲದ ಆ ವಿಮಾನಕ್ಕೆ ಮೈಮೇಲೆ ಇದ್ದದ್ದು ಬಟ್ಟೆ.

ಯುದ್ಧವಿಮಾನ ಅಂದಕೂಡಲೇ ನಮ್ಮ ಕಣ್ಣಿಗೆ ಬರುವಂಥದ್ದಲ್ಲ ಅದು. ಕೂಡಲು ಎರಡು ಮೂರು ಮಂದಿಗೆ ಜಾಗ, ಮುಂದೆ ಒಂದೇ ಫಂಕ, ತಲೆಯ ಮೇಲೆ ಛತ್ರಿ ಹಿಡಿದ ಹಾಗೆ ಅಡ್ಡಲಾಗಿ ರೆಕ್ಕೆ. ಉಕ್ಕಿನ ಪೈಪುಗಳ ಎಲುಬು, ಅದರ ಮೇಲೆ ಬಿಗಿದು ಹೊಲಿದ ಅರಿವೆ. ಬಾಂಬಿಲ್ಲ, ತೋಪಿಲ್ಲ. ಅದರ ಕೆಲಸ ನೋಡುವುದು, ಅಷ್ಟೇ. ಗುಡ್ಡದ ಈಚೆ ಕೂತು ಹಾರಿಸುವ ತೋಪಿನವರಿಗೆ ಗುಂಡು ಆಚೆ ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ವಿಮಾನದಲ್ಲಿ ಕೂತ ಸಾಹೇಬ ಮೇಲಿಂದ ನೋಡಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಮುಂದಕ್ಕೆ ಎಂದು ರೇಡಿಯೋದಲ್ಲಿ ಹೇಳಬೇಕು. ಹೇಳಬೇಕೆಂದರೆ ಕೆಳಗೇ ಹಾರಬೇಕು, ನಿಧಾನ ಹಾರಬೇಕು, ಹದ್ದಿನಂತೆ ಅಲ್ಲಲ್ಲೇ ಸುತ್ತಬೇಕು. ಅಂಥದ್ದನ್ನು ಕೆಳಗಿನಿಂದ ಯಾರು ಬೇಕಾದರೂ ಹೊಡೆಯಬಹುದು. ಸಂಜೆ ಅದು ತಿರುಗಿ ಬಂದಾಗ ಅರಿವೆಯಲ್ಲಿ ತೂತುಗಳಿರುತ್ತಿದ್ದವು. ಬೆಳಗಾಗುವುದರೊಳಗೆ ಅಪ್ಪ ತೇಪೆ ಹಚ್ಚಬೇಕಾಗಿತ್ತು.

ಮೊದಮೊದಲು ಇಂಗ್ಲೆಂಡಿನಿಂದ ಬಂದವು ಇದ್ದವಂತೆ. ಆಮೇಲೆ ಬೆಂಗಳೂರಿನಲ್ಲೇ ಕಟ್ಟಿದವು ಬಂದವು. ಅವಕ್ಕೆ ಕೃಷಕ್ ಎಂದು ಹೆಸರಿಟ್ಟಿದ್ದರು. "ಹೆಸರು ಒಕ್ಕಲಿಗಂದು, ಒಂದ ದಿನ ಹೊಲಾ ನೋಡಿದ್ದಲ್ಲ" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಯುದ್ಧವಿಲ್ಲದ ದಿನಗಳಲ್ಲಿ ಅವು ಬೆಟ್ಟದ ಮೇಲಿನ ಠಾಣ್ಯಗಳಿಗೆ ಟಪಾಲು ಒಯ್ದವು, ಔಷಧಿ ಒಯ್ದವು, ನೆರೆ ಬಂದಾಗ ಮಂದಿ ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ನೋಡಿ ಬಂದವು. ಮುಂದೆ ಹೆಲಿಕಾಪ್ಟರು ಬಂತು. ಅದಕ್ಕೆ ಓಡಲು ಮೈದಾನ ಬೇಡ, ಹೊಲಿಯುವವನೂ ಬೇಡ. ಈ ಬಟ್ಟೆಯ ವಿಮಾನಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಕೆಲವು ಕಲಿಯುವ ಹುಡುಗರಿಗೆ ಬಿಚ್ಚಿ ಜೋಡಿಸಲು ಹೋದವು, ಕೆಲವು ಶಾಲೆ ಕಾಲೇಜುಗಳ ಅಂಗಳಕ್ಕೆ ಗೊಂಬೆಗಳಾಗಿ ಹೋದವು, ಉಳಿದವು ಗುಜರಿಗೆ. ಅಪ್ಪನೂ ಅವುಗಳ ಹಿಂದೆಯೇ ನಿವೃತ್ತನಾಗಿ ಸವಣೂರಿಗೆ ಬಂದ.

ನಮ್ಮದು ಸಿಂಪಿಗರ ಮನೆ. ಅಜ್ಜ ಹೊಲಿದ, ಮುತ್ತಜ್ಜ ಹೊಲಿದ. ಅಪ್ಪ ಬಂದು ಬಜಾರಿನಲ್ಲಿ ಟೇಲರ್ ಅಂಗಡಿ ಹಾಕುತ್ತಾನೆಂದು ಊರೆಲ್ಲ ಕಾದರೆ ಅವನು ಸೈಕಲ್ ಅಂಗಡಿ ಹಾಕಿದ. ಪಂಕ್ಚರು ತಿದ್ದಿದ, ಬ್ರೇಕು ಬಿಗಿದ, ನಮ್ಮನ್ನು ಓದಿಸಿದ. ಅಂಗಿಯ ಗುಂಡಿ ಹರಿದರೂ ಅವ್ವನೇ ಹಚ್ಚಿಕೊಡಬೇಕು. ಸೂಜಿಯನ್ನು ಅವನು ಮುಟ್ಟಿದ್ದನ್ನು ನಾನು ಕಂಡಿದ್ದಿಲ್ಲ. ಬೇಸರ ಬಂದಿರಬೇಕು ಎಂದುಕೊಂಡು ನಾವೂ ಕೇಳಲಿಲ್ಲ.

ಹಾಗೆ ಗೊಂಬೆಯಾಗಿ ಹೋದ ವಿಮಾನಗಳಲ್ಲೊಂದು ಶಿಗ್ಗಾಂವಿಯ ಒಂದು ಹೈಸ್ಕೂಲಿನ ಅಂಗಳದಲ್ಲಿತ್ತು. ನಾನು ಸಣ್ಣವಳಿದ್ದಾಗ ಅದರ ಮೈ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದದ್ದು ನೆನಪಿದೆ. ಇಟ್ಟಂಗಿಯ ಕಂಬಗಳ ಮೇಲೆ ಮೂಗು ಎತ್ತಿ ಕೂತಿತ್ತು. ವರ್ಷ ಕಳೆದಂತೆ ಅರಿವೆ ಹರಿಯಿತು, ಗಾಳಿಗೆ ಜೋತಾಡಿತು, ಕಡೆಗೆ ಪೈಪಿನ ಎಲುಬು ಉಳಿಯಿತು. ಎಂಜಿನು ಇದ್ದ ಗುಳಿಯಲ್ಲಿ ಕಾಗೆ ಗೂಡು ಕಟ್ಟಿತು. ಹುಡುಗರು ರೆಕ್ಕೆಗೆ ಜೋತುಬಿದ್ದು ಜೀಕುತ್ತಿದ್ದರು. ಅಪ್ಪ ಯಾವ ಕೆಲಸಕ್ಕೆ ಶಿಗ್ಗಾಂವಿಗೆ ಹೋದರೂ ಬಸ್ಸಿಳಿದವನೇ ಮೊದಲು ಅಲ್ಲಿಗೆ ಹೋಗಿ, ಅದರ ಮೂಗಿನ ಮೇಲೆ ಅಂಗೈ ಇಟ್ಟು, ಆಮೇಲೆ ತನ್ನ ಕೆಲಸಕ್ಕೆ ಹೋಗುತ್ತಿದ್ದ. "ನಿಮ್ಮಪ್ಪಂದು ಅದs ಗುಡಿ" ಎಂದು ಅವ್ವ ಅನ್ನುತ್ತಿದ್ದಳು. ನೀನು ಹೊಲಿದ ವಿಮಾನವೇ ಏನು ಅದು ಎಂದು ಒಮ್ಮೆ ಕೇಳಿದೆ. "ಅದs ಹೌದೋ, ಅದರ ಒಡಹುಟ್ಟಿದ್ದೋ, ಯಾರಿಗೆ ಗೊತ್ತವಾ" ಅಂದಿದ್ದ.

ಹೋದ ವರ್ಷ ಬೇಸಿಗೆಯ ಸೂಟಿ ಹತ್ತಿರ ಬಂದಾಗ ಆ ಶಾಲೆಯ ಹೆಡ್‌ಮಾಸ್ತರರು ನನಗೆ ಫೋನ್ ಮಾಡಿದರು. ನಾನು ಹಾನಗಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಕಲಿಸುವವಳು. ಅವರೂ ನಾನೂ ಟ್ರೇನಿಂಗಿನಲ್ಲಿ ಒಂದೇ ಬ್ಯಾಚು. "ವಿಮಾನ ತಗಸಾಕ ಕಮಿಟಿಯವರು ಮಾತಾಡಾಕತ್ತಾರಿ. ಗುಜರಿಯವಂಗ ಕೊಡೂದಂತ. ನಿಮ್ಮ ತಂದಿಯವರಿಗೆ ಮೊದಲ ಹೇಳಿದ್ರ ಛಲೋ ಅನ್ನಸ್ತು" ಎಂದರು.

ನಾನು ಸವಣೂರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ. ಬಿಸಿಲು ಇಳಿಯಲಿ ಎಂದರೂ ಕೇಳಲಿಲ್ಲ.

ಹೆಡ್‌ಮಾಸ್ತರರು ಶಿಗ್ಗಾಂವಿಯ ಶಾಲೆಯಲ್ಲಿ ನಮ್ಮನ್ನು ಕುರ್ಚಿ ಎಳೆದು ಕೂಡಿಸಿದರು. "ಕುಂತ್ರಿ ಕಾಕಾರ. ನಾ ಏನ ಹೇಳ್ಲಿ? ಈಗ ನೋಡಿದವ್ರು ಇದನ್ನ ವಿಮಾನ ಅನ್ನೂದಿಲ್ರಿ, ಕ್ವಾಳಿ ಬುಟ್ಟಿ ಅಂತಾರು. ಹುಡುಗೂರು ಬಿದ್ದು ಕೈಕಾಲು ಮುರಕೊಂಡ್ರ ನಾ ಜವಾಬ್ದಾರಿ."

"ವಿಮಾನ ಕಂಡಂಗ ಕಂಡ್ರ ಇಟ್ಟಕೋತೀರೇನ್ರಿ?"

"ಕಂಡ್ರ ನಾನs ಕಮಿಟಿ ಮುಂದ ಕೈಮುಗೀತೇನಿ. ಗೇಟಿನ ಬಾಜೂಕ ಸರಸಿ ಇಡೋಣು. ಆದ್ರ ಸಾಲಿ ಚಾಲೂ ಆಗೂದ್ರೊಳಗ ಆಗಬೇಕ್ರಿ."

"ನಾ ಅಂಗಿ ತೊಡಸ್ತೇನ್ರಿ" ಅಂದ ಅಪ್ಪ.

ಹೆಡ್‌ಮಾಸ್ತರರು ಅವನ ಕೈ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಪ್ಪನ ಕೈಗಳು ನಡುಗತೊಡಗಿ ಬಹಳ ದಿನವಾಗಿತ್ತು. ಚಹಾದ ಬಶಿ ಹಿಡಿದರೆ ಬಶಿಯೇ ಟಕಟಕ ಮಾತಾಡುತ್ತಿತ್ತು. ಹುಬ್ಬಳ್ಳಿಯ ಡಾಕ್ಟರರು ಗುಳಿಗೆ ಕೊಟ್ಟಿದ್ದರು, ಇದು ಹೋಗುವ ರೋಗವಲ್ಲ ಎಂದೂ ಹೇಳಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಎರಡೂ ಕೈಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಕೂತಿದ್ದ. ಸವಣೂರು ಬಂದಿತು, ಅವನು ಏಳಲಿಲ್ಲ. "ಇಳಿಯೂದು ಬ್ಯಾಡ. ಹುಲಗೂರಿಗೆ ಹೋಗೂಣು. ಅಕ್ಕನ್ನ ಕೇಳಬೇಕು" ಅಂದ. ಆ ಬಸ್ಸು ಹುಲಗೂರಿಗೆ ಹೋಗುವುದಿಲ್ಲವೆಂದು ಕಂಡಕ್ಟರನೇ ಇಳಿಸಬೇಕಾಯಿತು. ಮರುದಿನ ಹೋದೆವು.

ಅಪ್ಪನ ಅಕ್ಕ, ನನ್ನ ಅತ್ತಿ, ಮದುವೆಯಾಗಿ ಹೋದಂದಿನಿಂದ ಹುಲಗೂರಿನವಳು. ಆಕೆಯಷ್ಟು ಚಂದ ಕೌದಿ ಹೊಲಿಯುವವರು ಆ ಸುತ್ತಿನಲ್ಲಿ ಇರಲಿಲ್ಲ. ಹಳೆಯ ಸೀರೆ, ಹಳೆಯ ಧೋತರ, ತೊಟ್ಟಿಲ ಮಗುವಿನ ಕುಲಾವಿ, ಏನು ಕೊಟ್ಟರೂ ಪದರಿಗೆ ಪದರು ಜೋಡಿಸಿ ಇರುವೆ ಸಾಲಿನಂಥ ಹೊಲಿಗೆ ಹಾಕಿ ಹೊದಿಕೆ ಮಾಡಿಕೊಡುತ್ತಿದ್ದಳು. ದರ್ಗಾದ ಓಣಿಯ ಹೆಂಗಸರು ಆಕೆಯ ಕಟ್ಟೆಯ ಮೇಲೆ ಬಂದು ಕೂತು ಸಂಗಡ ಹೊಲಿಯುತ್ತಿದ್ದರು. ನನಗೆ ಬಂದ ಮಾತೆಲ್ಲ ಆ ಕಟ್ಟೆಯದೇ. ಸೂಟಿಯಲ್ಲಿ ಅಲ್ಲಿ ಕೂತು ನಾನು ದಾರಕ್ಕಿಂತ ಹೆಚ್ಚು ಮಾತು ಸುತ್ತಿಕೊಂಡು ಬರುತ್ತಿದ್ದೆ. ಅಪ್ಪನಿಗೆ ಸೂಜಿ ಹಿಡಿಯಲು ಕಲಿಸಿದವಳೂ ಆಕೆಯೇ.

ಅಪ್ಪ ವಿಷಯ ಹೇಳಿ ಮುಗಿಸುವವರೆಗೂ ಅತ್ತಿ ಕೈಯಲ್ಲಿದ್ದ ಹೊಲಿಗೆ ನಿಲ್ಲಿಸಲಿಲ್ಲ. ಆಮೇಲೆ ಹಲ್ಲಿನಿಂದ ದಾರ ಕಡಿದು ಅಂದಳು: "ನನ್ನ ಮೊಮ್ಮಗಳ ಮದವಿಗೆ ಒಂದ ಕೌದಿ ಹೊಲಿಯೋ ತಮ್ಮಾ ಅಂದ್ರ, ಸೂಜಿ ಮುಟ್ಟೂದಿಲ್ಲ ಅಂದಿದ್ದಿ. ಈಗ ಆ ಕಬ್ಬಿಣದ ಮೊಮ್ಮಗಳ ಮದವಿಗೆ ಬಂದೀಯೇನು?"

"ನಾ ಹೊಲಿಯೂದಿಲ್ಲ ಯಕ್ಕಾ. ಕೈ ಏಳೂದಿಲ್ಲ. ನೀ ಹೊಲಿ, ನಾ ಹೇಳ್ತೇನಿ."

"ನನಗ ಹೇಳಾವ ಬಂದ ನೋಡ್ರೆ" ಎಂದು ಅತ್ತಿ ಪಕ್ಕದ ಮನೆಯ ಖಾಲಾಗೆ ಕೂಗಿದಳು. "ಮೂಗಿನ ಸುಂಬಳಾ ನಾ ಒರಸೇನಿ ಇವಂದು."

ಖಾಲಾ ಒಳಗಿನಿಂದಲೇ, "ಹೋಗಿ ಬಾ ಬೇ. ಮನ್ಯಾಗ ಕುಂತು ಯಾರಿಗೆ ಬೈತಿ? ಅಲ್ಲೆ ಹೋಗಿ ಅವಗs ಬೈಯಿ" ಅಂದಳು.

ಹಾಗೆ ಆ ಸೂಟಿ ಕಳೆಯಿತು. ಅಪ್ಪನನ್ನು ಸವಣೂರಿನಿಂದ ಕರೆತಂದು, ಅತ್ತಿಯನ್ನು ಹುಲಗೂರಿನಿಂದ ಕರೆತಂದು, ಇಬ್ಬರನ್ನೂ ಶಾಲೆಯ ಬೇವಿನ ನೆರಳಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲು ಪೈಪುಗಳ ಜಂಗು ತಿಕ್ಕಿ, ಕಾಗೆಯ ಗೂಡು ತೆಗೆದು, ಬಣ್ಣ ಹಚ್ಚಿಸಿದೆವು. ಅರಿವೆ ಯಾವುದು ಎಂಬ ಪ್ರಶ್ನೆ ಬಂತು. ಅಪ್ಪನ ಕಾಲದಲ್ಲಿ ಪರದೇಶದಿಂದ ಬರುತ್ತಿದ್ದ ನಾರಿನ ಅರಿವೆ ಈಗೆಲ್ಲಿ? ಹಿರೇಕೆರೂರಿನಲ್ಲಿ ನನ್ನ ಗಂಡನ ಅಣ್ಣನ ಅರಿವೆ ಅಂಗಡಿ ಇದೆ. ಅವರು ದಪ್ಪ ಮಾಂಜರಪಾಟದ, ಅಂದರೆ ಬಿಳುಪು ಮಾಡದ ಒರಟು ಹತ್ತಿಬಟ್ಟೆಯ, ಥಾನು ಕಳಿಸಿದರು. ಹೆಣದ ಮೇಲೂ ಅದನ್ನೇ ಹೊದಿಸುತ್ತಾರಲ್ಲ ಎಂದು ನನಗೆ ಕಸಿವಿಸಿಯಾಯಿತು. ಅಪ್ಪ ಬೆರಳುಗಳಲ್ಲಿ ತಿಕ್ಕಿ ನೋಡಿ, "ನೂಲು ಗಟ್ಟಿ ಐತಿ, ನಡೀತೈತಿ" ಅಂದ.

ತಲೆದಿಂಬಿಗೆ ಗಲೀಫು ತೊಡಿಸಿದ ಹಾಗೆ ರೆಕ್ಕೆಗೂ ಉದ್ದನೆಯ ಚೀಲ ಹೊಲಿದು ತುದಿಯಿಂದ ತೊಡಿಸಬೇಕು. ಆಮೇಲೆ ದಬ್ಬಣದಂಥ ಉದ್ದ ಸೂಜಿಯಿಂದ, ಮೇಣ ತಿಕ್ಕಿದ ದಾರದಿಂದ, ಒಳಗಿನ ಒಂದೊಂದು ಪಕ್ಕೆಲುಬಿಗೂ ಅರಿವೆಯನ್ನು ಬಿಗಿಯಬೇಕು. ಅತ್ತಿ ಏಣಿಗೆ ಹತ್ತಿದರೆ ಇಳಿಸುವುದು ಹೇಗೆಂದು, ಹೆಡ್‌ಮಾಸ್ತರರು ರೆಕ್ಕೆಯನ್ನೇ ಬಿಚ್ಚಿಸಿ ಬೆಂಚುಗಳ ಮೇಲೆ ನಿಲ್ಲಿಸಿ ಕೊಟ್ಟರು. ಆಕೆ ಈ ಬದಿಯಿಂದ ಸೂಜಿ ಚುಚ್ಚುವಳು, ಆ ಬದಿಯಲ್ಲಿ ನಾನು ಎಳೆದು ಮತ್ತೆ ಚುಚ್ಚುವೆ. ಅಪ್ಪ ಸ್ಟೂಲಿನ ಮೇಲೆ ಕೂತು ಹುಕುಂ ಮಾಡುವನು.

"ಗಂಟು ಬಿಗಿ ಆಗಲಿಲ್ಲ ಯಕ್ಕಾ. ಬಿಚ್ಚು."

"ಬಿಚ್ಚೂದಿಲ್ಲ. ನನ್ನ ಗಂಟು ನಿಮ್ಮ ಮಾವ ಸಾಯೂತನಾ ಬಿಚ್ಚಲಿಲ್ಲ."

"ಇದು ಕೌದಿ ಅಲ್ಲ. ಗಾಳಿ ಇದನ್ನ ಜಗ್ಗತೈತಿ."

"ಯಾವ ಗಾಳಿನೋ? ಇಟ್ಟಂಗಿ ಮ್ಯಾಲ ಕುಂಡ್ರೂದು ಇದು. ಇದರ ಮ್ಯಾಲ ಕಾಗಿ ಹೇತರ ಹೆಚ್ಚು."

ಬೈಯುತ್ತಲೇ ಆಕೆ ಬಿಚ್ಚುತ್ತಿದ್ದಳು, ಮತ್ತೆ ಬಿಗಿಯುತ್ತಿದ್ದಳು. ಅಪ್ಪ ಹತ್ತಿರ ಬಂದು ಗಂಟನ್ನು ಬೆರಳಿನಿಂದ ಸವರಿ, ಏನೂ ಅನ್ನದೆ ಸ್ಟೂಲಿಗೆ ಮರಳಿದನೆಂದರೆ ಪಾಸಾಯಿತೆಂದು ಅರ್ಥ.

ಅರಿವೆಯನ್ನು ಬಿಗಿಸಲು ಅವನ ಕಾಲದಲ್ಲಿ ಒಂದು ದ್ರಾವಣ ಹಚ್ಚುತ್ತಿದ್ದರು. ಹಣ್ಣಾದ ಬಾಳೆಯ ವಾಸನೆ ಅದಕ್ಕೆ ಎಂದು ಅಪ್ಪ ನೆನೆಸುತ್ತಿದ್ದ. ಹುಬ್ಬಳ್ಳಿಯಲ್ಲೆಲ್ಲ ವಿಚಾರಿಸಿದರೂ ಸಿಗಲಿಲ್ಲ. ಅತ್ತಿ ಅಂದಳು, "ಕಂಬಳಿಗೆ ಹುಣಸೀ ಬೀಜದ ಸರಿ ಹಚ್ಚತಾರಲ್ಲ, ತಗಡಿನಂಗ ಆಗತೈತಿ. ಅದನ್ನs ಹಚ್ಚೂಣು." ಖಾಲಾ ದೊಡ್ಡ ಪಾತೇಲಿ ಕೊಟ್ಟು ಕಳಿಸಿದಳು. ಬೀಜ ಹುರಿದು, ಬೀಸಿ, ಅಂಟು ಗಂಜಿಯಾಗುವಂತೆ ಕುದಿಸಿ, ಬಿಸಿ ಆರುವ ಮುಂಚೆ ಕುಂಚದಿಂದ ಹಚ್ಚಿದೆವು. ಬಿಸಿಲಿಗೆ ಒಣಗಿದಂತೆ ಅರಿವೆ ಸೆಟೆದುಕೊಂಡಿತು. ಅಪ್ಪ ಬೆರಳ ಗೆಣ್ಣಿನಿಂದ ಬಡಿದ. ಬಾರಿಸುವ ಹಲಗೆಯ ಹಾಗೆ ದಣ್ ಎಂದಿತು. ಅವನ ಮುಖದಲ್ಲಿ ಆಗ ಬಂದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮೈಯ ಅರಿವೆ ಮುಗಿದು, ಎರಡನೆಯ ರೆಕ್ಕೆಯ ಕಡೆಯ ಹೊಲಿಗೆಯ ದಿನ ಬಂತು. ಚೀಲದ ಬಾಯಿ ಒಂದು ಗೇಣಿನಷ್ಟು ತೆರೆದಿತ್ತು. ಅತ್ತಿ ಸೂಜಿಯನ್ನು ಸೆರಗಿಗೆ ಚುಚ್ಚಿ, ಬುತ್ತಿಯ ಗಂಟು ಬಿಚ್ಚಿ, ಜೋಳದ ರೊಟ್ಟಿಯ ಒಂದು ತುಣುಕು ಮುರಿದಳು. ನಮ್ಮ ಕಡೆಯ ಕೌದಿಯ ಪದ್ಧತಿ ಅದು. ಕಡೆಯ ಮೂಲೆ ಮುಚ್ಚುವಾಗ ಒಳಗೆ ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಹಸಿವೆಗೆ ಹಾಕುತ್ತದೆ ಎಂದು ಹಿರಿಯರ ಮಾತು.

"ಬ್ಯಾಡ ಯಕ್ಕಾ" ಅಂದ ಅಪ್ಪ.

"ಯಾಕ? ಇಲಿ ಬರ್ತಾವಂತ ಹೆದರತೀ?"

ಅಪ್ಪ ಸ್ಟೂಲಿನಿಂದ ಎದ್ದು ಬಂದ. ಬಂದವನು ಬೆಂಚಿನ ತುದಿಗೆ ಕೂತ. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

"ನೀ ಕಲಿಸಿದ್ದs ನಾ ಮಾಡ್ತಿದ್ನಿ. ಯಾವ ರೆಕ್ಕಿ ಹೊಲಿದ್ರೂ ಕಡೀ ಹೊಲಿಗ್ಯಾಗ ರೊಟ್ಟಿ ಚೂರು. ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಥಂಡಿ ದಿನಕ್ಕ ಇಲಿ ಬಂದು ಒಂದ ರೆಕ್ಕಿ ಕಡದ್ವು. ಮುಂಜಾನೆ ನಮ್ಮ ಕ್ಯಾಪ್ಟನ್ ಸಾಹೇಬ್ರು ವಿಮಾನ ತಪಾಸ ಮಾಡುವಾಗ ತೂತಿನ್ಯಾಗ ಕೈ ಹಾಕಿ ರೊಟ್ಟಿ ತಗದ್ರು. ಇದೇನು ಅಂದ್ರು. ಇದ್ದದ್ದು ಹೇಳಿದೆ. ನಕ್ಕೋತ ನಿಂತ್ರು. ನಿಮ್ಮ ಅಕ್ಕನ ವಿದ್ಯೆ ಭಾಳ ಛಲೋ, ಆದ್ರ ಇಲಿಗೆ ಗೊತ್ತಾಗಿಬಿಟ್ಟೈತಿ, ಇನ್ನ ಮುಂದ ಬ್ಯಾಡ ಅಂದ್ರು. ಸಿಟ್ಟಿಲ್ಲ ಸೆಡವಿಲ್ಲ. ಆ ರೆಕ್ಕಿ ಮತ್ತ ಹೊಲಿದೆ. ರೊಟ್ಟಿ ಇಡಲಿಲ್ಲ."

ಅತ್ತಿಯ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು.

"ಆಮ್ಯಾಲ ಅವರು ಆ ವಿಮಾನ ತಗೊಂಡು ಗುಡ್ಡದ ಕಡೆ ಹೋದ್ರು. ಮಂಜು ಭಾಳ ಇತ್ತು. ತಿರುಗಿ ಬರಲಿಲ್ಲ. ಹುಡಕಿದ್ರು. ವಿಮಾನಾನೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಮಂಜಿನಿಂದ ಆಗೇತಿ, ರೆಕ್ಕಿ ಅರಬಿಗೆ ಸಂಬಂಧ ಇಲ್ಲ ಅಂತ ಎಲ್ಲಾರೂ ಹೇಳಿದ್ರು. ನನಗೂ ಗೊತ್ತೈತಿ. ಗೊತ್ತಿರೂದು ಬ್ಯಾರೆ, ಕೈ ಏಳೂದು ಬ್ಯಾರೆ. ಫೌಜಿನ್ಯಾಗ ಇರೂತನಾ ಹುಕುಂ ಅಂತ ಹೊಲಿದೆ. ಹೊರಗ ಬಂದ ಮ್ಯಾಲ ಆಗಲಿಲ್ಲ."

ಬೇವಿನ ಮರದಲ್ಲಿ ಅಳಿಲು ಚಿರ್ರೆನ್ನುತ್ತಿತ್ತು. ಶಿಗ್ಗಾಂವಿಗೆ ಹೋದಾಗಲೆಲ್ಲ ಅಪ್ಪ ಈ ಎಲುಬಿನ ಮೂಗಿನ ಮೇಲೆ ಅಂಗೈ ಏಕೆ ಇಡುತ್ತಿದ್ದನೆಂದು ನನಗೆ ಆಗ ತಿಳಿಯಿತು. ಆ ಸಾಹೇಬರಿಗೆ ಮಣ್ಣಾಗಲಿಲ್ಲ, ಬೆಂಕಿಯಾಗಲಿಲ್ಲ. ಅಪ್ಪನ ಮಟ್ಟಿಗೆ ಅವರ ಗದ್ದಿಗೆ ಅಂತ ಇದ್ದದ್ದು ಇದೊಂದೇ. ಅದಕ್ಕೇ ಇದನ್ನು ಗುಜರಿಗೆ ಬಿಡಬಾರದೆಂದು ಅವನು ಹಟ ಹಿಡಿದದ್ದು.

ಅತ್ತಿ ರೊಟ್ಟಿಯ ಚೂರನ್ನು ಚೀಲದ ಬಾಯಿಗೆ ಹಿಡಿದು, "ಹಂಗಾರ ಇದಕ್ಕಾದ್ರೂ ಇಡೂಣು" ಅಂದಳು.

"ಇದು ಹಾರೂದಲ್ಲ ಯಕ್ಕಾ. ಇದಕ್ಕ ಯಾಕ ಹಸಿವು."

"ಕುಂತಾವರಿಗೂ ಹಸಿವು ಇರ್ತೈತೋ."

ಅಪ್ಪ ತಲೆ ಅಲ್ಲಾಡಿಸಿದ. ಅತ್ತಿ ಅವನನ್ನೇ ನೋಡಿದಳು. ಆಮೇಲೆ ಆ ರೊಟ್ಟಿಗೆ ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿ ಹಚ್ಚಿ ಅವನ ಬಾಯಿಯ ಹತ್ತಿರ ಹಿಡಿದಳು. "ಅದಕ್ಕ ಬ್ಯಾಡಾದ್ರ ನೀ ತಿನ್ನು. ಅವತ್ತಿಂದ ನೀ ಹಸದs ಇದ್ದೀ" ಅಂದಳು. ಎಂಬತ್ತು ದಾಟಿದ ಅಪ್ಪ ಸಣ್ಣ ಹುಡುಗನ ಹಾಗೆ ಬಾಯಿ ತೆರೆದ. ಅಗಿಯುತ್ತಿರುವಾಗ ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಿಂದು ಮುಗಿಸಿ ಅತ್ತಿಯ ಸೆರಗಿನಿಂದ ಸೂಜಿ ಕಿತ್ತುಕೊಂಡ. ಉಳಿದ ಆ ಗೇಣಿನಷ್ಟನ್ನು ಅವನೇ ಹೊಲಿದ. ಹೊಲಿಗೆಗಳು ಕುಡಿದವನ ಹೆಜ್ಜೆಗಳ ಹಾಗೆ ಒಂದು ಅತ್ತ ಒಂದು ಇತ್ತ ಬಿದ್ದವು. ಅತ್ತಿ ಬೈಯಲಿಲ್ಲ. ಬಿಚ್ಚು ಅನ್ನಲಿಲ್ಲ.

ಶಾಲೆ ಶುರುವಾದ ದಿನ ಹುಡುಗರು ಮತ್ತೆ ರೆಕ್ಕೆ ಜೋಡಿಸಿದ ವಿಮಾನದ ಸುತ್ತ ನಿಂತರು. ಕಮಿಟಿಯವರು ಬಂದು ಫೋಟೋ ತೆಗೆಸಿಕೊಂಡರು. ಅಧ್ಯಕ್ಷರು ಅಪ್ಪನ ಹೆಗಲ ಮೇಲೆ ಶಾಲು ಹೊದಿಸಿದರು. ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಎಂದರು. ಹೆಡ್‌ಮಾಸ್ತರರು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಉಳಿಯಿತು ಎಂದೇ ನಾವು ತಿಳಿದೆವು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಹುಣಸೆಬೀಜದ ಸರಿ ನೀರು ಕುಡಿದು ಮೆತ್ತಗಾಯಿತು. ಮೇಲೆ ಹಚ್ಚಿದ್ದ ಬಣ್ಣ ಬಿರುಕು ಬಿಟ್ಟಿತು. ಅಪ್ಪ ಛತ್ರಿ ಹಿಡಿದು ಬಸ್ಸು ಹತ್ತಿ ಹೋಗಿ ಬರುತ್ತಿದ್ದ. ಬಂದು, "ಒಂದ ಸ್ವಲ್ಪ ಸಡಲ ಆಗೇತಿ. ಬಿಸಲ ಬಿದ್ರ ಬಿಗೀತೈತಿ" ಎನ್ನುತ್ತಿದ್ದ. ಶ್ರಾವಣದಲ್ಲಿ ಅತ್ತಿಗೆ ಜ್ವರ ಬಂತು. ಎದೆಗೆ ಇಳಿಯಿತು. ಆಕೆ ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಹೋಗಿ ಮಂಚದ ಹತ್ತಿರ ಕೂತಾಗ, "ನಿನ್ನ ವಿಮಾನ ಹೆಂಗೈತೋ" ಎಂದು ಕೇಳಿದಳು.

"ಹಲಗಿ ಬಾರಿಸಿದಂಗ ಐತಿ ಯಕ್ಕಾ" ಅಂದ ಅಪ್ಪ. ಮುನ್ನಾದಿನವೇ ನಾವಿಬ್ಬರೂ ಹೋಗಿ ನೋಡಿ ಬಂದಿದ್ದೆವು. ರೆಕ್ಕೆಯ ಅರಿವೆ ನೀರು ತುಂಬಿದ ಜೋಳಿಗೆಯ ಹಾಗೆ ಇಳಿಬಿದ್ದಿತ್ತು. ಅರಿವೆಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದೀಪಾವಳಿ ಮುಗಿದ ಮೇಲೆ ಹೆಡ್‌ಮಾಸ್ತರರು ತಾವೇ ಸವಣೂರಿನ ಮನೆಗೆ ಬಂದರು. ಫೋನಿನಲ್ಲಿ ಹೇಳಲು ಅವರಿಗೆ ಮನಸ್ಸಾಗಿರಲಿಲ್ಲ. ಹೊಸದಾಗಿ ಎರಡು ಕೋಣೆಗಳು ಮಂಜೂರಾಗಿದ್ದವು. ಕಟ್ಟಲು ಇದ್ದ ಜಾಗ ವಿಮಾನ ನಿಂತದ್ದೊಂದೇ. ಗೇಟಿನ ಬದಿಗೆ ಸರಿಸೋಣವೆಂದರೆ ಆ ಜಾಗ ರಸ್ತೆಗೆ ಹೋಗುವುದಿತ್ತು. ಚಹಾದ ಕಪ್ಪು ಆರಿಹೋಗುವವರೆಗೂ ಅವರು ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದರು. "ನಾ ಕೈಮುಗದು ಕೇಳಿದೆ ಕಾಕಾರ. ಅವರದೂ ತಪ್ಪಿಲ್ರಿ. ಒಂಬತ್ತನೇ ಇಯತ್ತೆ ಹುಡುಗೂರು ವರಾಂಡದಾಗ ಕುಂಡ್ರಾಕತ್ತಾವು."

"ಹುಡುಗೂರು ಬಿಸಲಾಗ ಕುಂತು ಕಲೀಬಾರದ್ರಿ" ಅಂದ ಅಪ್ಪ. "ಎಂದ ಬರ್ತಾನ್ರಿ ಗುಜರಿಯಾಂವ?"

ಗುಜರಿಯ ಟ್ರಕ್ಕು ಬಂದ ದಿನ ರವಿವಾರ. ನಾನು ಬೇಡವೆಂದರೂ ಅಪ್ಪ ಬಂದ. ಹೊತ್ತಿಗೆ ಮುಂಚೆಯೇ ಬಂದು ಬೇವಿನ ಕೆಳಗೆ ನಿಂತಿದ್ದ. ಕೆಲಸದವರು ರೆಕ್ಕೆಗಳನ್ನು ಕಳಚಿ ಕೆಳಗಿಟ್ಟು, ಬ್ಲೇಡು ಹಿಡಿದು ಅರಿವೆ ಸೀಳಲು ಕೈ ಎತ್ತಿದರು. ಗ್ಯಾಸು ಹಚ್ಚಿ ಪೈಪು ಕತ್ತರಿಸುವಾಗ ಬಟ್ಟೆ ಇದ್ದರೆ ಉರಿಯುತ್ತದಲ್ಲ, ಅವರ ಮಾತೂ ಸರಿಯೇ.

"ತಡೀರಪಾ" ಅಂದ ಅಪ್ಪ. "ಅದು ತೊಡಸಿದ್ದು. ಹರೀಬ್ಯಾಡ್ರಿ. ನಾ ಬಿಚ್ಚತೇನಿ."

ಡ್ರೈವರು ಗಡಿಯಾರ ನೋಡಿದ, ಅಪ್ಪನ ಕೈ ನೋಡಿದ. "ನಾವು ನಾಷ್ಟಾ ಮಾಡಿ ಬರ್ತೇವಿ ಅಜ್ಜಾರ. ಅಷ್ಟರಾಗ ಬಿಚ್ರಿ" ಎಂದು ತನ್ನವರನ್ನು ಕರೆದುಕೊಂಡು ಹೋದ.

ಅಪ್ಪ ಮೊದಲು ತನ್ನ ಸೊಟ್ಟ ಹೊಲಿಗೆ ಬಿಚ್ಚಿದ. ಬಿಚ್ಚುವ ಕೆಲಸಕ್ಕೆ ನಡುಗುವ ಕೈಯೂ ಸಾಲುತ್ತದೆ. ಆಮೇಲೆ ಪಕ್ಕೆಲುಬುಗಳ ಗಂಟುಗಳು. ಅತ್ತಿಯ ಗಂಟುಗಳು ಬಿಚ್ಚಲಿಲ್ಲ. ಉಗುರಿಗೂ ಸಿಗಲಿಲ್ಲ, ಸೂಜಿಗೂ ಸಿಗಲಿಲ್ಲ. ಅಪ್ಪ ಒಂದೊಂದಕ್ಕೂ ಪ್ರಯತ್ನ ಮಾಡಿ, ಆಗದೆ, ಕಡೆಗೆ ನನ್ನ ಕೈಗೆ ಕತ್ತರಿ ಕೊಟ್ಟು, "ಗಂಟು ಮುಟ್ಟಬ್ಯಾಡ. ದಾರ ಒಳಗಿಂದ ಕತ್ತರಸು. ಗಂಟು ಅರಬಿಗೇ ಇರಲಿ" ಅಂದ. ಹಾಗೆ ಮಾಡಿದೆ. ಮೈಯ ಅರಿವೆಯೂ ಎರಡೂ ಚೀಲಗಳೂ ಹರಿಯದೆ ಇಡಿಯಾಗಿ ಈಚೆ ಬಂದವು. ಅವನ್ನು ಮಡಚಿ ಕಟ್ಟೆಯ ಮೇಲೆ ಇಟ್ಟೆವು.

ನಾಷ್ಟಾ ಮುಗಿಸಿ ಬಂದವರು ಗ್ಯಾಸು ಹಚ್ಚಿದರು. ನೀಲಿ ಬೆಂಕಿ ಪೈಪುಗಳನ್ನು ಒಂದೊಂದಾಗಿ ಕಡಿಯಿತು. ಮೂಗು ಕಳಚಿ ನೆಲಕ್ಕೆ ಬಿದ್ದಾಗ ನಾನು ಮುಖ ತಿರುಗಿಸಿದೆ. ಅಪ್ಪ ತಿರುಗಿಸಲಿಲ್ಲ. ಎಲ್ಲವನ್ನೂ ಟ್ರಕ್ಕಿಗೆ ಹೇರಿದ ಮೇಲೆ ಡ್ರೈವರು ತಲೆ ಕೆರೆದುಕೊಂಡ. ತಾಡಪತ್ರಿ ತರುವುದನ್ನು ಅವನು ಮರೆತಿದ್ದ.

"ಹಿಂಗs ಒಯ್ದರ ಊರೂರಿಗೆ ಮಂದಿ ನಿಂದ್ರಸಿ ಕೇಳ್ತಾರು, ಎಲ್ಲೆ ಬಿತ್ತೋ ವಿಮಾನ ಅಂತ. ಅಜ್ಜಾರ, ಆ ಅರಬಿ ನಿಮಗ ಬೇಕೇನ್ರಿ?"

ನಾನು ಬೇಕು ಅನ್ನಲು ಬಾಯಿ ತೆರೆದಿದ್ದೆ. ಅತ್ತಿಯ ಕಡೆಯ ಹೊಲಿಗೆ ಅದು. ಮನೆಗೆ ಒಯ್ದು ಪೆಟ್ಟಿಗೆಯಲ್ಲಿ ಇಡೋಣವೆಂದು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅಪ್ಪ ಕಟ್ಟೆಯ ಮೇಲಿನ ಮಡಚಿದ ಅರಿವೆಯನ್ನು ಎತ್ತಿಕೊಂಡ.

"ಅದರದs ಅರಬಿ ಅದು" ಅಂದ. "ಬರೀ ಮೈಯಾಗ ಕಳಸಬಾರದು."

ಟ್ರಕ್ಕಿನ ಗಾಲಿಯ ಮೇಲೆ ಕಾಲಿಟ್ಟು ಹತ್ತಲು ಹೋದವನನ್ನು ಡ್ರೈವರು ತೋಳು ಹಿಡಿದು ಮೇಲೆ ಎಳೆದುಕೊಂಡ. ಇಬ್ಬರೂ ಕೂಡಿ ಕಡಿದ ಪೈಪುಗಳ ಮೇಲೆ ಆ ಮಾಂಜರಪಾಟವನ್ನು ಹೊದಿಸಿದರು. ಅಪ್ಪ ಅದರ ನೆರಿಗೆ ತಿದ್ದಿದ, ಮೂಗಿದ್ದ ಕಡೆ ಇನ್ನಷ್ಟು ಎಳೆದು ಮುಚ್ಚಿದ. ಹಗ್ಗದ ಗಂಟು ಮಾತ್ರ ಅವನಿಂದ ಆಗಲಿಲ್ಲ. ಡ್ರೈವರು ಬಿಗಿದ. ಅಪ್ಪ ಬೆರಳಿನಿಂದ ಆ ಗಂಟನ್ನು ಸವರಿ ನೋಡಿ, ಏನೂ ಹೇಳದೆ ಕೆಳಗಿಳಿದ.

ಟ್ರಕ್ಕು ಚಾಲೂ ಆಯಿತು. ಅಪ್ಪ ಕಿಟಕಿಯ ಹತ್ತಿರ ಹೋಗಿ, "ಸಾವಕಾಶ ಹೊಡಿ ತಮ್ಮಾ" ಅಂದ.

"ಇನ್ನ ಅದಕ್ಕ ಏನಾಗೂದೈತ್ರಿ ಅಜ್ಜಾರ?"

"ಗೊತ್ತೈತಿ. ಆದ್ರೂ ಸಾವಕಾಶ ಹೋಗು."

ಡ್ರೈವರು ತಲೆಯಾಡಿಸಿದ. ಶಾಲೆಯ ಗೇಟು ದಾಟಿ, ಹಾದಿಯ ತಗ್ಗುಗಳನ್ನು ತಪ್ಪಿಸುತ್ತ, ಅವನು ನಿಜವಾಗಿಯೂ ನಿಧಾನವಾಗಿಯೇ ಹೋದ.